ಕನ್ನಡಕ ಮೊದಲು, ಲೇಸರ್ ಆಮೇಲೆ



ಕಳೆದ ಬೇಸಿಗೆ ರಜೆಯ ಒಂದು ಸಂಜೆ ತಂಗಿಯ ಫೋನ್ ಬಂತು. “ಅಣ್ಣಾ, ನಿನ್ನ ಅಳಿಯ ಏನೋ ಒಂದು ಮೆಷಿನ್ ತರಿಸಿದ್ದಾನೆ. ಬೆಳಕಿನಲ್ಲಿ ಮರ ಸುಡ್ತದಂತೆ. ರೂಮಿನ ಬಾಗಿಲು ಹಾಕಿ ಕೂತಿದ್ದಾನೆ. ಒಮ್ಮೆ ಬಂದು ನೋಡು, ನನಗ್ಯಾಕೋ ಹೆದರಿಕೆ ಆಗ್ತದೆ” ಎಂದಳು. ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಭೌತಶಾಸ್ತ್ರ ಕಲಿಸಿ ನಿವೃತ್ತನಾದವನಿಗೆ ಇಂಥ ಕರೆ ಬಂದರೆ ಮನೆಯಲ್ಲಿ ಕೂರಲಾದೀತೇ? ಚಪ್ಪಲಿ ಮೆಟ್ಟಿ ಹೊರಟೆ.

ಹೋಗಿ ನೋಡಿದರೆ ಮೇಜಿನ ಮೇಲೆ ಅಲ್ಯೂಮಿನಿಯಂ ಪಟ್ಟಿಗಳ ಒಂದು ಚೌಕಟ್ಟು. ಅದರ ಮಧ್ಯೆ ಮುಷ್ಟಿಯಷ್ಟು ಗಾತ್ರದ ಕಪ್ಪು ಡಬ್ಬಿ. ಅದೇ ಲೇಸರ್. ಕಂಪ್ಯೂಟರಿನಲ್ಲಿ ಚಿತ್ರ ಬರೆದುಕೊಟ್ಟರೆ ಆ ಡಬ್ಬಿ ಚೌಕಟ್ಟಿನ ಮೇಲೆ ಅತ್ತಿತ್ತ ಓಡಾಡಿ, ನೀಲಿ ಬೆಳಕಿನ ಮೊನೆಯಿಂದ ಅದೇ ಚಿತ್ರವನ್ನು ಮರದ ಮೇಲೆ ಸುಟ್ಟು ಕೊರೆಯುತ್ತದೆ. ಹುಡುಗ ಪಾಲಿಟೆಕ್ನಿಕ್‌ನಲ್ಲಿ ಎರಡನೇ ವರ್ಷ. ಅವರಿವರ ಮೊಬೈಲ್ ರಿಪೇರಿ ಮಾಡಿ ಕೂಡಿಟ್ಟ ಹದಿನೆಂಟು ಸಾವಿರ ರೂಪಾಯಿ ಕೊಟ್ಟು ತರಿಸಿದ್ದ. ಕ್ರಿಸ್ಮಸ್ಸಿಗೆ ಗೋದಲಿಯ ಗೊಂಬೆಗಳನ್ನು ತೆಳು ಮರದಲ್ಲಿ ಕತ್ತರಿಸಬೇಕು, ಅಜ್ಜಿಯ ಪ್ರಾರ್ಥನಾ ಪುಸ್ತಕದ ಹೊದಿಕೆಯ ಮೇಲೆ ಅವರ ಹೆಸರು ಬರೆಯಬೇಕು, ಆಮೇಲೆ ಮನೆಗಳಿಗೆ ನಾಮಫಲಕ ಮಾಡಿ ನಾಲ್ಕು ಕಾಸು ಸಂಪಾದಿಸಬೇಕು ಎಂದೆಲ್ಲ ಅವನ ಯೋಜನೆ. ಕೇಳಿ ನನಗೆ ಸಂತೋಷವೇ ಆಯಿತು.

“ಕನ್ನಡಕ ಎಲ್ಲಿ ಮಗಾ?” ಎಂದೆ.

“ಉಂಟಲ್ಲ ಮಾವ, ಮೆಷಿನಿನ ಜೊತೆ ಫ್ರೀ ಬಂದಿದೆ” ಎಂದು ಹಸಿರು ಪ್ಲಾಸ್ಟಿಕ್ಕಿನ ಒಂದು ಕನ್ನಡಕ ತೋರಿಸಿದ. ಹಗುರವಾದ ಕಡ್ಡಿ, ಅದರ ಮೇಲೆ ಒಂದಕ್ಷರವೂ ಬರೆದಿಲ್ಲ. ಕನ್ನಡಕ ಒಂದು. ಮನೆಯಲ್ಲಿ ಕಣ್ಣಿರುವವರು ಐದು ಜನ.

“ಇವತ್ತು ಆನ್ ಮಾಡುದು ಬೇಡ” ಎಂದೆ. ಅವನ ಮುಖ ಬಾಡಿತು. “ನೀವೂ ಅಮ್ಮನ ಹಾಗೆಯೇ ಮಾವ” ಎಂದ. “ಬೇಡವೇ ಬೇಡ ಅಂತ ಹೇಳಲಿಲ್ಲ ಮಾರಾಯ. ಇವತ್ತು ಬೇಡ ಎಂದೆ. ಕೊಂಡದ್ದನ್ನು ನಂಬುವ ಮೊದಲು ಒಮ್ಮೆ ಪರೀಕ್ಷೆ ಮಾಡುವಾ” ಎಂದು ಅವನ ಪಕ್ಕದಲ್ಲಿ ಕೂತೆ. ಅಂದು ಅವನಿಗೆ ಹೇಳಿದ ಕಥೆಯನ್ನೇ ನಿಮಗೂ ಮೊದಲು ಹೇಳುತ್ತೇನೆ.

ಗ್ರಹಣದ ಮಧ್ಯಾಹ್ನ

1980ರ ಫೆಬ್ರವರಿ 16, ಶನಿವಾರ. ಆ ದಿನ ಮಧ್ಯಾಹ್ನ ಹುಬ್ಬಳ್ಳಿ, ರಾಯಚೂರಿನ ಕಡೆ ಪೂರ್ಣ ಸೂರ್ಯಗ್ರಹಣ. ನಮ್ಮ ಕಾಸರಗೋಡಿನಲ್ಲಿ ಸೂರ್ಯ ಪೂರ್ತಿ ಮುಚ್ಚಲಿಲ್ಲ, ಒಂದು ಅಂಚು ಉಳಿದಿತ್ತು. ಮನೆಯ ಹಿರಿಯರು ನಮ್ಮನ್ನೆಲ್ಲ ಒಳಗೆ ಕೂಡಿಹಾಕಿದ್ದರು. ಆದರೆ ನನ್ನ ಬೆಂಚಿನಲ್ಲೇ ಕೂರುತ್ತಿದ್ದ ಗೆಳೆಯ ಹಿಂಬಾಗಿಲಿನಿಂದ ತಪ್ಪಿಸಿಕೊಂಡು ಅಡಿಕೆ ತೋಟಕ್ಕೆ ಹೋಗಿ, ಕತ್ತಲಾಗುತ್ತಿದ್ದ ಸೂರ್ಯನನ್ನು ಬರಿಗಣ್ಣಿನಲ್ಲಿ ದಿಟ್ಟಿಸಿ ನೋಡಿದ. ನೋವಾಗಲಿಲ್ಲ, ನೀರೂ ಬರಲಿಲ್ಲ. ಸಂಜೆ ನಮ್ಮೆದುರು ಜಂಬ ಕೊಚ್ಚಿಕೊಂಡ.

ಮರುದಿನ ಆದಿತ್ಯವಾರ ಪೂಜೆಗೆ ಬಂದವನು ಹಾಡಿನ ಸಂಖ್ಯೆ ಬರೆದ ಹಲಗೆಯನ್ನು ನೋಡಿ ಕಣ್ಣುಜ್ಜಿಕೊಂಡ. ಮೊದಲ ಅಂಕಿ ಕಾಣುತ್ತದೆ, ಕೊನೆಯ ಅಂಕಿ ಕಾಣುತ್ತದೆ, ನಡುವಿನದ್ದು ಇಲ್ಲ. ಎಲ್ಲಿ ನೋಡಿದರೂ ನಟ್ಟನಡುವೆ ಒಂದು ಬೂದು ಚುಕ್ಕೆ. ಆ ಚುಕ್ಕೆ ಕ್ರಮೇಣ ಸಣ್ಣದಾಯಿತೇ ಹೊರತು ಹೋಗಲಿಲ್ಲ. ಇಂದಿಗೂ ಅವನು ಇಗರ್ಜಿಯಲ್ಲಿ ವಾಚನ ಓದುವಾಗ ಮುಖವನ್ನು ಸ್ವಲ್ಪ ಎಡಕ್ಕೆ ತಿರುಗಿಸಿ, ಪುಸ್ತಕವನ್ನು ಓರೆಯಾಗಿ ಹಿಡಿದು ಓದುತ್ತಾನೆ. ಅದು ಅವನ ಶೈಲಿ ಎಂದು ಚಿಕ್ಕವರು ತಿಳಿದಿದ್ದಾರೆ. ಹದಿಮೂರನೇ ವಯಸ್ಸಿನ ಒಂದೆರಡು ನಿಮಿಷದ ಕುತೂಹಲಕ್ಕೆ ಅವನು ತೆತ್ತ ಬೆಲೆ ಅದು.

ಕಣ್ಣಿನೊಳಗೆ ಏನಾಗುತ್ತದೆ?

ನಮ್ಮ ಕಣ್ಣಿನ ಹಿಂಭಾಗದಲ್ಲಿ ರೆಟಿನಾ ಎಂಬ ತೆಳುವಾದ ಪರದೆ ಇದೆ. ಕಣ್ಣಿನ ಮಸೂರವು ಹೊರಗಿನ ಬೆಳಕನ್ನು ಅದರ ಮೇಲೆ ಕೇಂದ್ರೀಕರಿಸುತ್ತದೆ. ಮಕ್ಕಳು ಭೂತಗನ್ನಡಿಯಿಂದ ಬಿಸಿಲನ್ನು ಒಟ್ಟುಮಾಡಿ ಕಾಗದ ಸುಡುವುದಿಲ್ಲವೇ? ಹಾಗೆಯೇ ಇದೂ. ಪ್ರಖರ ಬಿಸಿಲಿನಲ್ಲಿ ಕಣ್ಣಿನ ಪಾಪೆ ಸುಮಾರು 2 ಮಿಲಿಮೀಟರಿನಷ್ಟು ಕಿರಿದಾಗುತ್ತದೆ. ಆಗ ನೇರವಾಗಿ ಸೂರ್ಯನನ್ನು ನೋಡಿದರೆ ಒಳಹೋಗುವ ಬೆಳಕಿನ ಶಕ್ತಿ ಸುಮಾರು 3 ಮಿಲಿವ್ಯಾಟ್, ಅಂದರೆ ಒಂದು ವ್ಯಾಟಿನ ಸಾವಿರದಲ್ಲಿ ಮೂರು ಪಾಲು. ನನ್ನ ಗೆಳೆಯನ ಕಣ್ಣನ್ನು ಕೆಡಿಸಿದ್ದು ಅಷ್ಟೇ ಬೆಳಕು.

ಮನೆಯ 9 ವ್ಯಾಟಿನ ಎಲ್‌ಇಡಿ ಬಲ್ಬು ನಮಗೆ ಏನೂ ಮಾಡುವುದಿಲ್ಲ. ಏಕೆಂದರೆ ಅದರ ಬೆಳಕು ಕೋಣೆಯಿಡೀ ಚೆಲ್ಲುತ್ತದೆ, ಕಣ್ಣಿಗೆ ಬರುವುದು ಅತ್ಯಲ್ಪ. ಲೇಸರಿನ ಬೆಳಕು ಚೆಲ್ಲುವುದಿಲ್ಲ. ಶಾಲಾ ಮಕ್ಕಳು ಗೇಟಿನಿಂದ ಗುಂಪಾಗಿ ಹೊರಬರುವುದಕ್ಕೂ ಪೊಲೀಸರ ಪೆರೇಡಿಗೂ ಇರುವ ವ್ಯತ್ಯಾಸ ಇದು. ಒಂದೇ ಬಣ್ಣ, ಒಂದೇ ದಿಕ್ಕು, ಒಂದೇ ಹೆಜ್ಜೆ. ಅಷ್ಟೂ ಬೆಳಕು ಪಾಪೆಯೊಳಗೆ ನುಗ್ಗಿ ರೆಟಿನಾದ ಮೇಲೆ ಕೂದಲ ಮೊನೆಗಿಂತ ಚಿಕ್ಕ ಬಿಂದುವಿನಲ್ಲಿ ಬೀಳುತ್ತದೆ.

ಸಕ್ಕರೆ ಕಾಯಿಲೆಯಿಂದ ಕಣ್ಣು ಮಸುಕಾದ ಹಿರಿಯರಿಗೆ ಡಾಕ್ಟರು ಲೇಸರ್ ಚಿಕಿತ್ಸೆ ಮಾಡುವುದು ನಿಮಗೆ ಗೊತ್ತು. ನಮ್ಮ ಎಷ್ಟೋ ಮನೆಗಳಲ್ಲಿ ಅಜ್ಜ ಅಜ್ಜಿಯರಿಗೆ ಇದು ಆಗಿದೆ. ಆ ಚಿಕಿತ್ಸೆಯಲ್ಲಿ ಡಾಕ್ಟರು ರೆಟಿನಾದ ಕೆಲವು ಬಿಂದುಗಳನ್ನು ಬೇಕೆಂದೇ ಸುಡುತ್ತಾರೆ. ಅದಕ್ಕೆ ಅವರು ಸಾಮಾನ್ಯವಾಗಿ ಬಳಸುವುದು 200 ಮಿಲಿವ್ಯಾಟಿನ ಆಸುಪಾಸಿನ ಶಕ್ತಿ, ಅದೂ ಒಂದು ಸೆಕೆಂಡಿನ ಹತ್ತನೇ ಒಂದು ಭಾಗದಷ್ಟು ಹೊತ್ತು ಅಥವಾ ಇನ್ನೂ ಕಡಿಮೆ. ನನ್ನ ಅಳಿಯನ ಮೇಜಿನ ಮೇಲಿದ್ದದ್ದು 5 ವ್ಯಾಟ್. ಅಂದರೆ 5000 ಮಿಲಿವ್ಯಾಟ್. ಡಾಕ್ಟರ ಕೈಯಲ್ಲಿ ಅಳೆದು ತೂಗಿ ಬಳಸುವ ಬೆಳಕಿನ ಇಪ್ಪತ್ತೈದು ಪಟ್ಟು.

“ಕಣ್ಣು ತಾನಾಗಿಯೇ ಮುಚ್ಚಿಕೊಳ್ತದಲ್ಲ ಮಾವ?” ಎಂದು ಹುಡುಗ ಕೇಳಿದ. ಒಳ್ಳೆಯ ಪ್ರಶ್ನೆ. ರೆಪ್ಪೆ ಮುಚ್ಚಲು ಸುಮಾರು ಕಾಲು ಸೆಕೆಂಡು ಬೇಕು. ಒಂದು ಮಿಲಿವ್ಯಾಟಿನ ಲೇಸರ್ ಆದರೆ ಆ ಕಾಲು ಸೆಕೆಂಡನ್ನು ಕಣ್ಣು ತಾಳಿಕೊಳ್ಳುತ್ತದೆ. ಅದಕ್ಕೇ ಲೇಸರುಗಳನ್ನು ವರ್ಗ ಮಾಡಿದ್ದಾರೆ. ಕಣ್ಣಿಗೆ ಕಾಣುವ ಬೆಳಕಿನಲ್ಲಿ 1 ಮಿಲಿವ್ಯಾಟ್‌ವರೆಗೆ 2ನೇ ವರ್ಗ. 5ರವರೆಗೆ 3ಆರ್. 5ರಿಂದ 500 ಮಿಲಿವ್ಯಾಟ್ ತನಕ 3ಬಿ, ಇದು ರೆಪ್ಪೆ ಮುಚ್ಚುವುದರೊಳಗೆ ಕಣ್ಣನ್ನು ಕೆಡಿಸಬಲ್ಲದು. 500ರ ಮೇಲೆ ಇರುವುದೆಲ್ಲ 4ನೇ ವರ್ಗ. ಅದರ ನೇರ ಕಿರಣ ಮಾತ್ರವಲ್ಲ, ಸ್ಟೀಲ್ ಬಟ್ಟಲಿಗೋ ಕಿಟಿಕಿಯ ಗಾಜಿಗೋ ತಗಲಿ ತಿರುಗಿ ಬಂದ ಕಿರಣವೂ ಅಪಾಯ. ಮರದ ಮೇಲೆ ಉರಿಯುವ ಬಿಂದುವನ್ನು ಹತ್ತಿರದಿಂದ ಬರಿಗಣ್ಣಿನಲ್ಲಿ ನೋಡುವುದೂ ಸಲ್ಲದು. ಮನೆಗೆ ಪಾರ್ಸೆಲಿನಲ್ಲಿ ಬಂದದ್ದು ಈ 4ನೇ ವರ್ಗದ್ದು.

ರೆಟಿನಾದಲ್ಲಿ ನೋವಿನ ನರಗಳಿಲ್ಲ. ಆದ್ದರಿಂದ ಗಾಯವಾದದ್ದು ಆ ಗಳಿಗೆಯಲ್ಲಿ ನೋವಾಗಿ ತಿಳಿಯುವುದಿಲ್ಲ. ಸುಟ್ಟು ಸತ್ತ ಜೀವಕೋಶಗಳು ಮತ್ತೆ ಹುಟ್ಟುವುದೂ ಇಲ್ಲ.

ಬೆಳಕನ್ನು ಸಾಲಿನಲ್ಲಿ ನಿಲ್ಲಿಸಿದವರು

ಇಷ್ಟೆಲ್ಲ ಹೇಳಿದ್ದರಿಂದ ಲೇಸರ್ ಎಂದರೆ ಕೆಟ್ಟದ್ದು ಎಂದು ತಿಳಿಯಬೇಡಿ. ಇದರ ಹಿಂದಿನ ತತ್ವವನ್ನು 1917ರಲ್ಲಿ ಐನ್‌ಸ್ಟೈನ್ ಬರೆದರು. 1951ರ ವಸಂತದಲ್ಲಿ ಒಂದು ಬೆಳಗ್ಗೆ ವಾಷಿಂಗ್ಟನ್ನಿನ ಒಂದು ಉದ್ಯಾನದ ಬೆಂಚಿನ ಮೇಲೆ ಕೂತಿದ್ದ ಚಾರ್ಲ್ಸ್ ಟೌನ್ಸ್ ಎಂಬ ವಿಜ್ಞಾನಿಗೆ ಅದನ್ನು ಸಾಧಿಸುವ ದಾರಿ ಹೊಳೆಯಿತು. ಅವರು ದೈವಭಕ್ತ ಕ್ರೈಸ್ತರು. ಆ ಹೊಳಹನ್ನು ಅವರು ದೇವರ ಪ್ರಕಟನೆಗೆ ಹೋಲಿಸುತ್ತಿದ್ದರು. 1964ರಲ್ಲಿ ನೊಬೆಲ್ ಪ್ರಶಸ್ತಿ ಬಂತು. ವಿಜ್ಞಾನವೂ ವಿಶ್ವಾಸವೂ ಒಂದೇ ಸತ್ಯದ ಕಡೆ ನಡೆಯುತ್ತವೆ ಎಂದು ಜೀವನವಿಡೀ ಹೇಳಿದ ಅವರಿಗೆ 2005ರಲ್ಲಿ ಟೆಂಪಲ್‌ಟನ್ ಪ್ರಶಸ್ತಿಯೂ ಸಂದಿತು. ಮೊದಲ ಲೇಸರನ್ನು ಉರಿಸಿದವರು ಅಮೆರಿಕದ ಥಿಯೋಡರ್ ಮೈಮನ್, 1960ರ ಮೇ 16ರಂದು, ಒಂದು ಮಾಣಿಕ್ಯದ ಕಡ್ಡಿಯಿಂದ. ಕಾರ್ಖಾನೆಗಳಲ್ಲಿ ಮರ, ಬಟ್ಟೆ ಕತ್ತರಿಸುವ ಕಾರ್ಬನ್ ಡೈಆಕ್ಸೈಡ್ ಲೇಸರನ್ನು 1964ರಲ್ಲಿ ಕಂಡುಹಿಡಿದವರು ಮಹಾರಾಷ್ಟ್ರದ ಬಾರಾಮತಿಯಲ್ಲಿ ಹುಟ್ಟಿದ ಸಿ. ಕುಮಾರ್ ಪಟೇಲ್. ಈಗ ಅಂಗಡಿಯ ಬಾರ್‌ಕೋಡಿನಿಂದ ಹಿಡಿದು ಕಣ್ಣಿನ ಆಸ್ಪತ್ರೆಯವರೆಗೆ ಲೇಸರ್ ಇಲ್ಲದ ಜಾಗವೇ ಅಪರೂಪ. ದೇವರು ಕೊಟ್ಟ ಬುದ್ಧಿಯಿಂದ ಬಂದ ಉಪಕಾರ ಇದು. ಉಪಕಾರವನ್ನು ಉಪಕಾರವಾಗಿಯೇ ಉಳಿಸಿಕೊಳ್ಳುವುದು ನಮ್ಮ ಕೆಲಸ.

ಪರೀಕ್ಷೆಯ ದಿನ

ಅಳಿಯನ ಪೆಟ್ಟಿಗೆಯ ಮೇಲೆ ದೊಡ್ಡ ಅಕ್ಷರದಲ್ಲಿ 40 ವ್ಯಾಟ್ ಎಂದಿತ್ತು. ಕೈಪಿಡಿಯ ಮೂಲೆಯಲ್ಲಿ ಇರುವೆಯಂಥ ಅಕ್ಷರದಲ್ಲಿ ‘ಬೆಳಕಿನ ಶಕ್ತಿ 5 ವ್ಯಾಟ್’ ಎಂದಿತ್ತು. ಇದು ಈ ವ್ಯಾಪಾರದ ಹಳೆಯ ಚಮತ್ಕಾರ. ಮೆಷಿನ್ ಎಳೆಯುವ ಕರೆಂಟಿನ ವ್ಯಾಟನ್ನು ದೊಡ್ಡದಾಗಿ ಬರೆಯುತ್ತಾರೆ, ಹೊರಬರುವ ಬೆಳಕಿನ ವ್ಯಾಟನ್ನು ಮೂಲೆಗೆ ಹಾಕುತ್ತಾರೆ. ಕೊಳ್ಳುವವರು ನೋಡಬೇಕಾದದ್ದು ಎರಡನೆಯದನ್ನು.

ಮಂಗಳೂರಿನ ಒಂದು ಕಾಲೇಜಿನಲ್ಲಿ ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ಭೌತಶಾಸ್ತ್ರ ಉಪನ್ಯಾಸಕಿ. ಅವರ ಪ್ರಯೋಗಾಲಯದಲ್ಲಿ ಲೇಸರ್ ಅಳೆಯುವ ಮೀಟರು ಉಂಟು. ಫೋನ್ ಮಾಡಿದೆ. “ಬನ್ನಿ ಸರ್, ಹುಡುಗನನ್ನೂ ಕರಕೊಂಡು ಬನ್ನಿ. ಕನ್ನಡಕವನ್ನೂ ತನ್ನಿ, ಅದನ್ನೂ ಅಳೆಯುವಾ” ಎಂದಳು. ಹುಡುಗ ಮನೆಯಲ್ಲಿದ್ದ ಒಂದು ಹಸಿರು ಲೇಸರ್ ಪಾಯಿಂಟರನ್ನೂ ಜೇಬಿಗೆ ಹಾಕಿಕೊಂಡ. ಇಗರ್ಜಿಯ ವಾರ್ಷಿಕ ಹಬ್ಬದ ಸಂತೆಯಲ್ಲಿ ಅವನ ತಂಗಿ ಕೊಂಡ ಆಟಿಕೆ ಅದು.

ಮೀಟರಿನ ತತ್ವ ಸುಲಭ. ಕಪ್ಪು ಬಳಿದ ಒಂದು ಲೋಹದ ಬಿಲ್ಲೆಯ ಮೇಲೆ ಕಿರಣ ಬೀಳುತ್ತದೆ, ಬಿಲ್ಲೆ ಬಿಸಿಯಾಗುತ್ತದೆ, ಎಷ್ಟು ಬಿಸಿಯಾಯಿತು ಎಂಬುದರ ಮೇಲೆ ಶಕ್ತಿಯ ಲೆಕ್ಕ. ಅಳೆಯುವ ಮೊದಲು ಉಪನ್ಯಾಸಕಿ ಮಾಡಿದ ಕೆಲಸಗಳನ್ನು ಹುಡುಗ ಗಮನಿಸಲಿ ಎಂದು ನಾನು ಸುಮ್ಮನಿದ್ದೆ. ಕೈಯ ವಾಚು, ಉಂಗುರ ಬಿಚ್ಚಿಸಿದಳು. ಮೇಜಿನ ಮೇಲಿದ್ದ ಹೊಳೆಯುವ ವಸ್ತುಗಳನ್ನು ತೆಗೆದಳು. ಬಾಗಿಲಿಗೆ ಚಿಲಕ ಹಾಕಿ ಹೊರಗೆ ಫಲಕ ತೂಗಿದಳು. ಒಳಗಿದ್ದ ಮೂವರಿಗೂ ಒಂದೊಂದು ಕನ್ನಡಕ ಕೊಟ್ಟಳು. ಅದರ ಕಡ್ಡಿಯ ಮೇಲೆ ಯಾವ ಬಣ್ಣದ ಬೆಳಕಿಗೆ ಎಂಬ ಅಂಕಿಯೂ ಒಡಿ ಎಂಬ ಅಂಕಿಯೂ ಇದ್ದವು. ಇದಕ್ಕೆಲ್ಲ ಹತ್ತು ನಿಮಿಷ ಹಿಡಿಯಿತು. ಲೇಸರ್ ಉರಿದದ್ದು ಒಂದೇ ನಿಮಿಷ.

ಮೀಟರು ತೋರಿಸಿದ್ದು 4.6 ವ್ಯಾಟ್. ಮೂಲೆಯ ಸಣ್ಣ ಅಕ್ಷರ ಹೆಚ್ಚುಕಡಿಮೆ ನಿಜ ಹೇಳಿತ್ತು.

ಆಮೇಲೆ ಫ್ರೀ ಬಂದ ಕನ್ನಡಕದ ಸರದಿ. ಅದನ್ನು ಮುಖಕ್ಕೆ ಹಾಕಿ ನೋಡುವುದು ಪರೀಕ್ಷೆಯಲ್ಲ, ಹುಚ್ಚು. ಅದನ್ನು ಸ್ಟ್ಯಾಂಡಿಗೆ ಸಿಕ್ಕಿಸಿ, ಲೇಸರನ್ನು 100 ಮಿಲಿವ್ಯಾಟಿಗೆ ಇಳಿಸಿ, ಹಿಂದೆ ಇನ್ನೊಂದು ಸೂಕ್ಷ್ಮ ಮೀಟರನ್ನು ಇಟ್ಟರು. ಕನ್ನಡಕ ದಾಟಿ ಬಂದದ್ದು 0.8 ಮಿಲಿವ್ಯಾಟ್. “ಅಷ್ಟೇ ಅಲ್ವಾ?” ಎಂದ ಹುಡುಗ. “ಲೆಕ್ಕ ಮಾಡು” ಎಂದಳು ಉಪನ್ಯಾಸಕಿ. ನೂರಕ್ಕೆ 0.8 ಆದರೆ 4600ಕ್ಕೆ ಸುಮಾರು 37 ಮಿಲಿವ್ಯಾಟ್. ಕನ್ನಡಕ ಹಾಕಿಕೊಂಡೇ ಕಣ್ಣು ಸುಟ್ಟುಕೊಳ್ಳುವಷ್ಟು. ಹುಡುಗ ಮಾತಾಡಲಿಲ್ಲ.

ಪ್ರಯೋಗಾಲಯದ ಕನ್ನಡಕದ ಹಿಂದೆ ಮೀಟರಿನ ಅಂಕಿ ಅಲುಗಲೇ ಇಲ್ಲ. ಒಡಿ ಎಂಬ ಅಂಕಿಯ ಅರ್ಥ ಇದು: ಒಡಿ 4 ಎಂದರೆ ಬೆಳಕಿನ ಹತ್ತು ಸಾವಿರದಲ್ಲಿ ಒಂದು ಪಾಲು ಮಾತ್ರ ಒಳಗೆ, ಒಡಿ 5 ಎಂದರೆ ಲಕ್ಷದಲ್ಲಿ ಒಂದು. ಒಂದರ ಮುಂದೆ ಎಷ್ಟು ಸೊನ್ನೆ ಎಂದು ಎಣಿಸಿದರಾಯಿತು. 5 ವ್ಯಾಟಿನ ಯಂತ್ರಕ್ಕೆ ಕನಿಷ್ಠ 4 ಬೇಕು, 5 ಇದ್ದರೆ ಒಳ್ಳೆಯದು. ಅದೂ ಆ ಲೇಸರಿನ ಬಣ್ಣಕ್ಕೇ ಹೊಂದಿರಬೇಕು. ಈ ಯಂತ್ರದ ನೀಲಿ ಬೆಳಕಿನ ಅಲೆಯ ಉದ್ದ 450 ನ್ಯಾನೊಮೀಟರ್. ಅದಕ್ಕೆ ಮಾಡಿದ ಕನ್ನಡಕ ಬೇರೆ ಬಣ್ಣದ ಲೇಸರಿಗೆ ಕಿಟಿಕಿಯ ಗಾಜಿಗೆ ಸಮ ಆಗಬಹುದು.

ಹಬ್ಬದ ಸಂತೆಯ ಆಟಿಕೆ

ಕೊನೆಗೆ ಹುಡುಗ ನಗುತ್ತಾ ಜೇಬಿನಿಂದ ಆ ಹಸಿರು ಪಾಯಿಂಟರನ್ನು ತೆಗೆದ. ಚೀಟಿಯಲ್ಲಿ ‘5 ಮಿಲಿವ್ಯಾಟಿಗಿಂತ ಕಡಿಮೆ’ ಎಂದಿತ್ತು. ಮೀಟರು 48 ತೋರಿಸಿತು. ಕಣ್ಣಿಗೆ ಕಾಣದ ಕಿರಣವನ್ನು ತಡೆಯುವ ಗಾಜು ಇಟ್ಟು ಅಳೆದಾಗ 31. ಅಂದರೆ ಹಸಿರು ಬೆಳಕು 31 ಮಿಲಿವ್ಯಾಟ್, ಉಳಿದ 17 ಕಾಣದ ಅವಕೆಂಪು ಕಿರಣ. ನನ್ನ ಎದೆ ಧಸಕ್ಕೆಂದಿತು. ಆ ಆಟಿಕೆಯಿಂದ ಹತ್ತು ವರ್ಷದ ಮಗು ಬೆಕ್ಕನ್ನು ಆಡಿಸುತ್ತಿತ್ತು.

ಇಂಥ ಅಗ್ಗದ ಹಸಿರು ಪಾಯಿಂಟರಿನಲ್ಲಿ ಮೊದಲು ಹುಟ್ಟುವುದು ಹಸಿರು ಬೆಳಕೇ ಅಲ್ಲ. ಒಳಗಿನ ಡಯೋಡು 808 ನ್ಯಾನೊಮೀಟರಿನ ಅವಕೆಂಪು ಕಿರಣ ಕೊಡುತ್ತದೆ. ಒಂದು ಹರಳು ಅದನ್ನು 1064ಕ್ಕೆ ಬದಲಿಸುತ್ತದೆ. ಇನ್ನೊಂದು ಹರಳು ಅದನ್ನು ಅರ್ಧ ಮಾಡಿ 532ರ ಹಸಿರು ಮಾಡುತ್ತದೆ. ಉಳಿದ ಅವಕೆಂಪನ್ನು ತಡೆಯಲು ಕೊನೆಯಲ್ಲಿ ಒಂದು ಸಣ್ಣ ಗಾಜು ಬೇಕು. ಕಾಸು ಉಳಿಸಲು ಆ ಗಾಜನ್ನೇ ಬಿಟ್ಟುಬಿಡುತ್ತಾರೆ. ಕಾಣದ ಬೆಳಕಿಗೆ ರೆಪ್ಪೆ ಮುಚ್ಚುವುದೂ ಇಲ್ಲ. ಅಮೆರಿಕದ ಮಾನಕ ಸಂಸ್ಥೆಯಾದ ನಿಸ್ಟ್‌ನವರು 2013ರಲ್ಲಿ 122 ಪಾಯಿಂಟರುಗಳನ್ನು ಅಳೆದ ಫಲಿತಾಂಶ ಪ್ರಕಟಿಸಿದರು. ಹಸಿರಿನವುಗಳಲ್ಲಿ ಹತ್ತಿರ ಹತ್ತಿರ ನೂರಕ್ಕೆ 90, ಕೆಂಪಿನವುಗಳಲ್ಲಿ ನೂರಕ್ಕೆ ಸುಮಾರು 44 ಸುರಕ್ಷತಾ ನಿಯಮ ಮೀರಿದ್ದವು.

ಮೆಷಿನಿನ ಪೆಟ್ಟಿಗೆ ತನ್ನ ಬಲವನ್ನು ಎಂಟು ಪಟ್ಟಿಗೂ ಮಿಗಿಲಾಗಿ ಹೇಳಿತ್ತು. ಪಾಯಿಂಟರಿನ ಚೀಟಿ ಹತ್ತಿರ ಹತ್ತಿರ ಹತ್ತು ಪಟ್ಟು ಕಡಿಮೆ ಹೇಳಿತ್ತು. ಒಂದು ಜಂಬದ ಸುಳ್ಳು, ಇನ್ನೊಂದು ವಿನಯದ ಸುಳ್ಳು. ಜಂಬದ ಸುಳ್ಳಿನಿಂದ ಹೋಗುವುದು ಹಣ. ವಿನಯದ ಸುಳ್ಳಿನಿಂದ ಹೋಗುವುದು ಕಣ್ಣು.

ವಾಪಸು ಬರುವಾಗ ಹುಡುಗ ಇನ್ನೊಂದು ವಿಷಯ ಹೊರಹಾಕಿದ. ಬರುವ ಹಬ್ಬದ ರಾತ್ರಿ ಇಗರ್ಜಿಯ ಮೈದಾನದಲ್ಲಿ ಲೇಸರ್ ಬೆಳಕಿನ ಆಟ ಮಾಡಬೇಕೆಂದು ಯುವಕರು ಮಾತಾಡಿಕೊಂಡಿದ್ದರಂತೆ. ನಾನು ಅವನಿಗೆ ಎರಡು ಘಟನೆ ನೆನಪಿಸಿದೆ. 2008ರ ಜುಲೈಯಲ್ಲಿ ಮಾಸ್ಕೋ ಹತ್ತಿರ ಒಂದು ಸಂಗೀತ ಮೇಳದಲ್ಲಿ ಮಳೆ ಬಂತೆಂದು ಟಾರ್ಪಾಲು ಕಟ್ಟಿದ್ದರು. ಆಕಾಶಕ್ಕೆ ಹೋಗಬೇಕಾಗಿದ್ದ ಲೇಸರ್ ಕಿರಣಗಳು ಜನರ ಮೇಲೆ ಬಿದ್ದು ಸುಮಾರು 30 ಮಂದಿಯ ಕಣ್ಣಿಗೆ ಗಾಯವಾಯಿತು. 2023ರಲ್ಲಿ ನಾಸಿಕದ ಕಣ್ಣಿನ ವೈದ್ಯರು, ಮೆರವಣಿಗೆಯ ಲೇಸರ್ ದೀಪಗಳಿಂದ ರೆಟಿನಾ ಸುಟ್ಟುಕೊಂಡು ಬಂದ ಯುವಕರನ್ನು ಕಂಡು ಎಚ್ಚರಿಕೆ ಕೊಟ್ಟರು. ಹಬ್ಬಕ್ಕೆ ಬಂದವರು ಕಣ್ಣು ಕಳಕೊಂಡು ಹೋಗಬೇಕೇ? ಹಾಗೆಯೇ ರಾತ್ರಿ ಆಕಾಶದತ್ತ ಪಾಯಿಂಟರ್ ಬೀಸುವುದೂ ಬೇಡ. ಬಜ್ಪೆಗೆ ಇಳಿಯುವ ವಿಮಾನದ ಪೈಲಟನಿಗೆ ಆ ಹೊಳಪು ಕ್ಷಣಕಾಲ ಕಣ್ಣು ಕತ್ತಲೆ ತರಿಸಿದರೂ ಸಾಕು. ಅದು ಅಪರಾಧವೂ ಹೌದು.

ಹೊಗೆ ಮತ್ತು ಬೆಂಕಿ

ಕಣ್ಣಿನ ವಿಷಯ ಮುಗಿದ ಮೇಲೆ ಮೂಗಿನದ್ದು. ಅಜ್ಜಿಯ ಪ್ರಾರ್ಥನಾ ಪುಸ್ತಕದ ಹೊದಿಕೆ ರೆಕ್ಸಿನ್. ರೆಕ್ಸಿನ್ ಹೆಚ್ಚಾಗಿ ಪಿವಿಸಿ ಲೇಪದ ಬಟ್ಟೆ. ಪಿವಿಸಿ ಸುಟ್ಟರೆ ಹೈಡ್ರೋಜನ್ ಕ್ಲೋರೈಡ್ ಅನಿಲ ಬರುತ್ತದೆ, ತೇವ ಸಿಕ್ಕಿದಲ್ಲಿ ಅದು ಆಮ್ಲ. ಶ್ವಾಸಕೋಶವನ್ನೂ ಕೆಡಿಸುತ್ತದೆ, ಯಂತ್ರದ ಕಬ್ಬಿಣವನ್ನೂ ತಿನ್ನುತ್ತದೆ. ಒಂದು ಹಳೆಯ ಪರೀಕ್ಷೆಯನ್ನು ಅಂಗಳದಲ್ಲಿ ಮಾಡಿ ತೋರಿಸಿದೆ. ತಾಮ್ರದ ತಂತಿಯನ್ನು ಕಾಯಿಸಿ, ಹಳೆಯ ಚೀಲದ ರೆಕ್ಸಿನ್ ಚೂರಿಗೆ ಒತ್ತಿ, ಮತ್ತೆ ಜ್ವಾಲೆಗೆ ಹಿಡಿದಾಗ ಜ್ವಾಲೆ ಹಸಿರಾಯಿತು. ಹಸಿರಾದರೆ ಕ್ಲೋರಿನ್ ಇದೆ ಎಂದರ್ಥ, ಅದನ್ನು ಲೇಸರಿನಡಿ ಇಡುವಂತಿಲ್ಲ. ಅಜ್ಜಿಯ ಪುಸ್ತಕ ಇದ್ದ ಹಾಗೆಯೇ ಉಳಿಯಿತು.

ಮರ, ರಟ್ಟು, ಒಣಗಿದ ಅಡಿಕೆ ಹಾಳೆ ಇವುಗಳ ಮೇಲೆ ಚಿತ್ರ ಚೆನ್ನಾಗಿ ಮೂಡುತ್ತದೆ. ಆದರೆ ಒಣ ಹಾಳೆಗೆ ಬೆಂಕಿ ಹಿಡಿಯಲು ಎಷ್ಟು ಹೊತ್ತು ಬೇಕು ಎಂದು ನಮ್ಮವರಿಗೆ ಹೇಳಿಕೊಡಬೇಕಾಗಿಲ್ಲ. ಬಚ್ಚಲ ಒಲೆ ಹೊತ್ತಿಸಿದವರಿಗೆಲ್ಲ ಗೊತ್ತು. ಯಂತ್ರ ಓಡುತ್ತಿರುವಾಗ ಊಟಕ್ಕೆ ಎದ್ದು ಹೋಗುವಂತಿಲ್ಲ. ಪಕ್ಕದಲ್ಲಿ ನೀರು ಇರಬೇಕು, ಹೊಗೆಯನ್ನು ಹೊರಗೆ ಕಳಿಸುವ ಫ್ಯಾನ್ ಇರಬೇಕು.

ಬೈಯುವುದೋ, ಬಿಡುವುದೋ?

ಹದಿನೆಂಟು ಸಾವಿರ ಎಂದು ಕೇಳಿ ಮೊದಲು ಸಿಡಿದದ್ದು ಭಾವ. “ವಾಪಸು ಕಳಿಸು, ಇಲ್ಲದಿದ್ದರೆ ನಾನೇ ಬಾವಿಗೆ ಹಾಕ್ತೇನೆ” ಎಂದಿದ್ದರು. ಅವರ ಸಿಟ್ಟು ನನಗೆ ಅರ್ಥವಾಗುತ್ತದೆ. ಆದರೆ 1980ರಲ್ಲಿ ನನ್ನ ಗೆಳೆಯನಿಗೂ ‘ನೋಡಬೇಡ’ ಎಂದು ಎಲ್ಲರೂ ಹೇಳಿದ್ದರು. ಯಾಕೆ ನೋಡಬಾರದು, ನೋಡಲೇಬೇಕೆಂದರೆ ಹೇಗೆ ನೋಡಬೇಕು ಎಂದು ಯಾರೂ ಹೇಳಲಿಲ್ಲ. ಒಂದು ರಟ್ಟಿಗೆ ಸೂಜಿಯಲ್ಲಿ ತೂತು ಕೊರೆದು, ಸೂರ್ಯನಿಗೆ ಬೆನ್ನು ಹಾಕಿ, ಗೋಡೆಯ ಮೇಲೆ ಬೀಳುವ ಬಿಂಬವನ್ನು ನೋಡು ಎಂದು ಹೇಳುವ ಒಬ್ಬ ಮಾವನೋ ಮಾಸ್ತರರೋ ಇದ್ದಿದ್ದರೆ ಅವನು ಹಿಂಬಾಗಿಲಿನಿಂದ ಓಡುತ್ತಿರಲಿಲ್ಲ. ಬರೀ ‘ಬೇಡ’ ಎಂದರೆ ಮಕ್ಕಳು ನಿಲ್ಲಿಸುವುದಿಲ್ಲ, ಬಾಗಿಲು ಹಾಕಿಕೊಂಡು ಮಾಡುತ್ತಾರೆ. ಬಾಗಿಲು ಹಾಕಿಕೊಂಡು ಮಾಡುವಾಗ ಪಕ್ಕದಲ್ಲಿ ಯಾರೂ ಇರುವುದಿಲ್ಲ.

ಭಾವನಿಗೆ ಆ ಎರಡು ಅಂಕಿ ಹೇಳಿದೆ, 37 ಮತ್ತು 48. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, “ಹಾಗಾದರೆ ಅದಕ್ಕೊಂದು ಗೂಡು ಮಾಡಬೇಕಲ್ಲ” ಎಂದರು. ಮರದ ಕೆಲಸ ಅವರಿಗೆ ಕೈಬಂದದ್ದು. ಎರಡು ಆದಿತ್ಯವಾರ ಪೂಜೆ ಮುಗಿಸಿ ಬಂದು ಅಪ್ಪ ಮಗ ಒಟ್ಟಿಗೆ ಕೂತು ಪ್ಲೈವುಡ್ಡಿನ ಪೆಟ್ಟಿಗೆ ಮಾಡಿದರು. ಯಂತ್ರ ಪೂರ್ತಿ ಅದರೊಳಗೆ. ಒಳಗೆಲ್ಲ ಹೊಳಪಿಲ್ಲದ ಕಪ್ಪು ಬಣ್ಣ. ಹಿಂದೆ ಹೊಗೆಗೆ ಪೈಪು, ಫ್ಯಾನು. ಮುಚ್ಚಳಕ್ಕೆ ಹುಡುಗ ಒಂದು ಸ್ವಿಚ್ ಜೋಡಿಸಿದ. ಮುಚ್ಚಳ ತೆರೆದ ಕ್ಷಣ ಲೇಸರ್ ಆರಿಹೋಗುತ್ತದೆ. ಒಳಗೆ ಏನಾಗುತ್ತಿದೆ ಎಂದು ನೋಡಲು ಒಂದು ಸಣ್ಣ ಕ್ಯಾಮರಾ. ಒಡಿ 5ರ ಕನ್ನಡಕ ಎರಡು ತರಿಸಿದರು, ದುಡ್ಡು ಭಾವ ಕೊಟ್ಟರು. ಫ್ರೀ ಬಂದ ಕನ್ನಡಕವನ್ನು ಹುಡುಗ ಮುರಿದೇ ಬಿಸಾಡಿದ. ಯಾರಾದರೂ ಹೆಕ್ಕಿ ನಂಬಿ ಹಾಕಿಕೊಂಡರೆ ಎಂದು! ಪಾಯಿಂಟರಿನ ಬ್ಯಾಟರಿ ತೆಗೆದು ನನಗೆ ಕೊಟ್ಟ. ಬೆಕ್ಕಿಗೆ ಈಗ ನೂಲಿನ ಉಂಡೆ.

ಮಗ ಹೀಗೆ ಹೆಚ್ಚು ಶಕ್ತಿಯ ಸಾಮಾನು ಏನಾದರೂ ತರಿಸಿದಾಗ ಹೆತ್ತವರು ವಿಜ್ಞಾನ ಕಲಿಯಬೇಕಾಗಿಲ್ಲ. ನಾಲ್ಕು ಪ್ರಶ್ನೆ ಕೇಳಿದರೆ ಸಾಕು.

1. ಹೊರಬರುವ ಬೆಳಕಿನ ವ್ಯಾಟ್ ಎಷ್ಟು, ಯಾವ ವರ್ಗದ್ದು? ಅದನ್ನು ಯಾರಾದರೂ ಅಳೆದಿದ್ದಾರೆಯೇ, ಚೀಟಿ ಮಾತ್ರವೇ?

2. ಕನ್ನಡಕದ ಮೇಲೆ ಅಲೆಯ ಉದ್ದವೂ ಒಡಿ ಅಂಕಿಯೂ ಇವೆಯೇ? ಕೋಣೆಯಲ್ಲಿರುವ ಪ್ರತಿಯೊಬ್ಬರಿಗೂ ಕನ್ನಡಕ ಉಂಟೇ?

3. ಸುಡುವ ವಸ್ತು ಯಾವುದು, ಹೊಗೆ ಎಲ್ಲಿಗೆ ಹೋಗುತ್ತದೆ, ನೀರು ಎಲ್ಲಿದೆ?

4. ಯಾರಾದರೂ ಫಕ್ಕನೆ ಬಾಗಿಲು ತೆರೆದರೆ ಏನಾಗುತ್ತದೆ?

ಅಕಸ್ಮಾತ್ ಕಣ್ಣಿಗೆ ಕಿರಣ ತಗಲಿ ಚುಕ್ಕೆ ಕಂಡರೆ, ಗೆರೆಗಳು ಡೊಂಕಾಗಿ ಕಂಡರೆ, ನೋವಿಲ್ಲವೆಂದು ಸುಮ್ಮನಿರಬೇಡಿ. ಮನೆಮದ್ದೂ ಬೇಡ. ಅದೇ ದಿನ ಕಣ್ಣಿನ ಡಾಕ್ಟರ ಬಳಿ ಹೋಗಿ. ಬೈಗುಳಕ್ಕೆ ಹೆದರಿ ಮಕ್ಕಳು ಹೇಳದೆ ಇರುವುದುಂಟು. ಆದ್ದರಿಂದ ‘ಏನಾದರೂ ಆದರೆ ಮೊದಲು ನನಗೆ ಹೇಳು, ನಾನು ಬೈಯುವುದಿಲ್ಲ’ ಎಂದು ಮುಂಚೆಯೇ ಹೇಳಿಟ್ಟಿರಿ.

ನಾಲ್ಕನೇ ಪ್ರಶ್ನೆಯ ಬಗ್ಗೆ ಒಂದು ಮಾತು. ಲೇಸರಿನವನು ತನ್ನ ಕಣ್ಣಿಗೆ ಕನ್ನಡಕ ಹಾಕಿಕೊಂಡಿರುತ್ತಾನೆ. ಚಹಾ ತರುವ ಅಮ್ಮ, ಅಣ್ಣನನ್ನು ಊಟಕ್ಕೆ ಕರೆಯಲು ಓಡಿಬರುವ ತಂಗಿ, ಕಣ್ಣು ಮಂಜಾದ ಅಜ್ಜಿ ಬರಿಗಣ್ಣಿನಲ್ಲಿ ಬರುತ್ತಾರೆ. ನಮ್ಮ ಹವ್ಯಾಸದ ಬೆಲೆಯನ್ನು ಕೇಳದೆಯೇ ತೆರಬೇಕಾಗುವವರು ಅವರು. ನೆರೆಯವನನ್ನು ಪ್ರೀತಿಸುವುದು ಎಂದರೆ ದೊಡ್ಡ ದೊಡ್ಡ ಕೆಲಸ ಎಂದು ನಾವು ತಿಳಿಯುತ್ತೇವೆ. ಕೆಲವೊಮ್ಮೆ ಅದು ಬಾಗಿಲಿಗೆ ಹಾಕುವ ಒಂದು ಚಿಲಕ, ಮುಚ್ಚಳಕ್ಕೆ ಜೋಡಿಸುವ ಹತ್ತು ರೂಪಾಯಿಯ ಒಂದು ಸ್ವಿಚ್, ಇನ್ನೊಬ್ಬರಿಗಾಗಿ ಕೊಂಡಿಟ್ಟ ಎರಡನೇ ಕನ್ನಡಕ.

ಯಂತ್ರವನ್ನು ಮೊದಲ ಸಲ ಓಡಿಸಿದ ದಿನ ನಾನೂ ಹೋಗಿದ್ದೆ. ಗೋದಲಿಯ ಕುರಿಮರಿಯಿಂದ ಸುರುಮಾಡುತ್ತಾನೆ ಎಂದುಕೊಂಡಿದ್ದೆ. ಹುಡುಗ ಹಲಸಿನ ಹಲಗೆಯ ಒಂದು ತುಂಡು ಇಟ್ಟು ಮುಚ್ಚಳ ಮುಚ್ಚಿದ. ಅರ್ಧ ಗಂಟೆಯ ನಂತರ ಹೊರತೆಗೆದ. ದುಂಡನೆಯ ಅಕ್ಷರದಲ್ಲಿ ಬರೆದಿತ್ತು: ‘ಒಳಗೆ ಲೇಸರ್ ಉರಿಯುತ್ತಿದೆ. ಬಾಗಿಲು ತಟ್ಟಿ. ತೆರೆಯುವ ತನಕ ಕಾಯಿರಿ.’ ಅದನ್ನು ತನ್ನ ಕೋಣೆಯ ಬಾಗಿಲಿಗೇ ತೂಗಿದ. ತಂಗಿ ಓದಿ ನಕ್ಕಳು. “ತಟ್ಟಲಿಕ್ಕೆ ಯೇಸು ಸ್ವಾಮಿ ಹೇಳಿದ್ದಾರೆ. ಕಾಯಲಿಕ್ಕೆ ನನ್ನ ಮಗ ಹೇಳಿದ” ಎಂದಳು.

ಡಿಸೆಂಬರ್ 13ರಂದು ನಾವು ಸಂತ ಲೂಸಿಯನ್ನು ಸ್ಮರಿಸುತ್ತೇವೆ. ಆಕೆಯ ಹೆಸರಿಗೆ ಮೂಲ ಬೆಳಕು ಎಂಬ ಲ್ಯಾಟಿನ್ ಪದ. ಕಣ್ಣಿನ ತೊಂದರೆ ಇರುವವರ ಪಾಲಕಿ ಆಕೆ. ಬೆಳಕೂ ಕಣ್ಣೂ ಒಬ್ಬಳೇ ಸಂತಳ ರಕ್ಷಣೆಯಲ್ಲಿರುವುದು ಎಷ್ಟು ಚಂದ! ಆ ದಿನ ನಿಮ್ಮ ಮನೆಯ ಪ್ರಾರ್ಥನೆಯಲ್ಲಿ ಹೊಸದನ್ನು ಕಲಿಯುವ ಮಕ್ಕಳನ್ನೂ ಅವರ ಪಕ್ಕದಲ್ಲಿ ಕೂತು ಕಲಿಸುವವರನ್ನೂ ನೆನೆಯಿರಿ. ನಮ್ಮ ಮನೆಗಳ ಎಲ್ಲ ಕಣ್ಣುಗಳನ್ನು ದೇವರು ಕಾಯಲಿ.